ಬಾದಾಮಿಯ ಹಾಲು, ಬೀದರದ ಹೊಲ

ಹಸುವಿನ ಹಾಲನ್ನು ಕುಡಿಯಲೊಲ್ಲದವರಿಗೆ, ಅಥವಾ ಕುಡಿದರೂ ಅರಗಿಸಿಕೊಳ್ಳಲಾರದವರಿಗೆ, ಬಾದಾಮಿ, ಸೋಯಾ, ಓಟ್ಸ್ ಮೊದಲಾದ ಬೀಜಧಾನ್ಯಗಳಿಂದ ಹಿಂಡಿದ ಬಿಳಿಯ ರಸವನ್ನು ಕಾಗದದ ಡಬ್ಬಿಗಳಲ್ಲಿ ತುಂಬಿ ಮಾರುವ ಪದ್ಧತಿಯು ಮಹಾನಗರಗಳ ದೊಡ್ಡ ಅಂಗಡಿಗಳನ್ನು ದಾಟಿ ಈಗ ಸಣ್ಣ ಊರುಗಳತ್ತಲೂ ಹೊರಟಿರುವುದಷ್ಟೆ. ಇದನ್ನು ಕೆಲವರು ನವಯುಗದ ಆವಿಷ್ಕಾರವೆಂದು ಕೊಂಡಾಡುತ್ತಾರೆ. ಮತ್ತೆ ಕೆಲವರು ಗೋಸಂಪತ್ತಿಗೆ ಒದಗಿದ ಅಪಚಾರವೆಂದು ನೊಂದುಕೊಳ್ಳುತ್ತಾರೆ. ಬೀದರ ಸೀಮೆಯ ಹೊಲವನ್ನೂ ಒಲೆಯನ್ನೂ ಬಲ್ಲವರಿಗೆ ಈ ಎರಡು ಮಾತುಗಳಲ್ಲಿ ಒಂದೂ ಪೂರ್ತಿಯಾಗಿ ಒಪ್ಪಿಗೆಯಾಗಲಾರದು. ದೇವಣಿಯಂಥ ದನದ ತಳಿಯನ್ನು ಶತಮಾನಗಳ ಕಾಲ ಸಾಕಿಕೊಂಡು ಬಂದ ನಾಡೇ ಬೀಜದಿಂದ ಹಾಲು ಹಿಂಡುವ ವಿದ್ಯೆಯನ್ನೂ ಬಲ್ಲುದಾಗಿತ್ತು. ಒಂದರಿಂದ ಇನ್ನೊಂದಕ್ಕೆ ಕುಂದು ಬಂದಿತೆಂದು ಅಲ್ಲಿ ಯಾರೂ ಭಾವಿಸಿರಲಿಲ್ಲ.

ಮೊದಲು ಬಾದಾಮಿಯ ವಿಚಾರ. ನಮ್ಮ ಶಾಲೆಗಳ ಅಂಗಳದಲ್ಲಿ ಅಗಲ ಎಲೆಯ ನೆರಳನ್ನು ಹರಡಿ, ಕಾಯಿಯನ್ನು ಕಲ್ಲಿನಿಂದ ಜಜ್ಜಿ ತಿರುಳು ತಿನ್ನುವ ಸುಖವನ್ನು ಮಕ್ಕಳಿಗೆ ಕೊಡುವ ಕಾಡುಬಾದಾಮಿಯ ಮರಕ್ಕೂ ನಿಜವಾದ ಬಾದಾಮಿಗೂ ಕುಲಸಂಬಂಧವೇ ಇಲ್ಲ. ನಿಜವಾದ ಬಾದಾಮಿಯು ಗುಲಾಬಿಯ ಕುಟುಂಬಕ್ಕೆ ಸೇರಿದ್ದು, ಪೀಚ್ ಹಣ್ಣಿನ ಸೋದರ. ಅದು ಹೂ ಬಿಡಬೇಕಾದರೆ ಚಳಿಗಾಲದಲ್ಲಿ ಗಿಡವು ಹಲವು ನೂರು ತಾಸುಗಳ ಶೀತವನ್ನು ಉಂಡಿರಬೇಕು; ಹೂ ಬಿಟ್ಟ ಮೇಲೆ ಹಿಮ ಬೀಳಕೂಡದು; ಕಾಯಿ ಬಲಿಯುವಾಗ ಮಳೆ ಬರಕೂಡದು. ಇಷ್ಟು ನಿಯಮಗಳನ್ನು ಪಾಲಿಸುವ ವಾಯುಗುಣ ಇರಾನ್, ಅಫಘಾನಿಸ್ತಾನ, ಕಾಶ್ಮೀರಗಳಿಗೂ, ಮೆಡಿಟರೇನಿಯನ್ ಸಮುದ್ರದ ತೀರಗಳಿಗೂ, ಅಮೆರಿಕದ ಕ್ಯಾಲಿಫೋರ್ನಿಯಕ್ಕೂ ಒದಗಿದೆ. ನಮ್ಮ ದಖ್ಖನಿಗೆ ಒದಗಿಲ್ಲ. ಜಗತ್ತಿನ ಬಾದಾಮಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಇಂದು ಕ್ಯಾಲಿಫೋರ್ನಿಯ ಒಂದರಲ್ಲಿಯೇ ಬೆಳೆಯುತ್ತದೆ, ಅದನ್ನು ಅತಿ ಹೆಚ್ಚಾಗಿ ಕೊಳ್ಳುವ ದೇಶಗಳಲ್ಲಿ ಭಾರತವೂ ಒಂದು. ಫೆಬ್ರವರಿಯಲ್ಲಿ ಅಲ್ಲಿನ ತೋಟಗಳು ಹೂ ಬಿಟ್ಟಾಗ ಪರಾಗಸ್ಪರ್ಶಕ್ಕಾಗಿ ಆ ದೇಶದ ಮೂಲೆಮೂಲೆಗಳಿಂದ ಲಕ್ಷಾಂತರ ಜೇನುಪೆಟ್ಟಿಗೆಗಳನ್ನು ಲಾರಿಗಳಲ್ಲಿ ಸಾಗಿಸುತ್ತಾರೆ. ಒಂದೊಂದು ಬೀಜವು ಬಲಿಯಲು ಹಲವು ಲೀಟರು ನೀರು ಬೇಕಾಗುವುದರಿಂದ, ಬರಗಾಲದ ವರ್ಷಗಳಲ್ಲಿ ಈ ಬೆಳೆಯ ವಿಷಯವಾಗಿ ಅಲ್ಲಿಯೇ ತೀವ್ರವಾದ ವಾದವಿವಾದಗಳು ನಡೆದಿವೆ.

ಇಂಥ ಪರದೇಶದ ಬೀಜವು ಬೀದರಕ್ಕೆ ಅಪರಿಚಿತವಲ್ಲ. ಅಹಮದ್ ಶಾಹನು ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ 15ನೆಯ ಶತಮಾನದಿಂದ ಇರಾನಿನ ವಿದ್ವಾಂಸರು, ಸೈನಿಕರು, ವರ್ತಕರು ಈ ನಗರಕ್ಕೆ ಬರತೊಡಗಿದರು. 1472ರಲ್ಲಿ ಇಲ್ಲಿ ಮದರಸಾವನ್ನು ಕಟ್ಟಿಸಿದ ಮಹಮೂದ್ ಗವಾನನು ಸ್ವತಃ ಕಾಸ್ಪಿಯನ್ ತೀರದ ಗೀಲಾನ್ ಪ್ರಾಂತದವನು, ವ್ಯಾಪಾರಿಯಾಗಿ ಬಂದು ಮಂತ್ರಿಯಾದವನು. ಪರ್ಶಿಯದ ಅಡುಗೆಯ ರುಚಿಗಳೂ ಒಣಹಣ್ಣುಗಳ ಬಳಕೆಯೂ ದಖ್ಖನಿನಲ್ಲಿ ಬೇರೂರಿದುದು ಇಂಥ ಸಂಪರ್ಕಗಳಿಂದಲೇ ಎಂದು ಊಹಿಸುವುದು ಅಸಂಗತವಾಗದು. ದಖನಿ ಮುಸಲ್ಮಾನರ ಮನೆಗಳಲ್ಲಿ ಇಂದಿಗೂ ಬಾಣಂತಿಗೆ ಹರೀರಾ ಎಂಬ ಗಂಜಿಯನ್ನು ಕೊಡುವ ರೂಢಿಯುಂಟು: ನೆನೆಸಿ ಸಿಪ್ಪೆ ತೆಗೆದ ಬಾದಾಮಿ, ಗಸಗಸೆ, ಕೆಲವೆಡೆ ಕಲ್ಲಂಗಡಿಯ ಬೀಜ, ಇವನ್ನು ನುಣ್ಣಗೆ ಅರೆದು ತುಪ್ಪದಲ್ಲಿ ಬಾಡಿಸಿ ಸಕ್ಕರೆಯೊಡನೆ ಕಾಯಿಸಿದ ಪೇಯವದು. ಮಧ್ಯಯುಗದ ಬಾಗ್ದಾದಿನ ಪಾಕಶಾಸ್ತ್ರಗಳಲ್ಲಿಯೂ, ಉಪವಾಸದ ದಿನಗಳಲ್ಲಿ ಪಶುಕ್ಷೀರವನ್ನು ವರ್ಜಿಸುತ್ತಿದ್ದ ಯುರೋಪಿನ ಕ್ರೈಸ್ತರ ಅಡುಗೆಯಲ್ಲಿಯೂ ಬಾದಾಮಿಯ ಹಾಲಿಗೆ ಗೌರವದ ಸ್ಥಾನವಿತ್ತು. ಆದುದರಿಂದ ಇದನ್ನು ನಿನ್ನೆ ಮೊನ್ನೆಯ ಪದಾರ್ಥವೆನ್ನುವುದು ಸರಿಯಲ್ಲ.

ಹೊಸದಾಗಿರುವುದು ಅದರ ತೆಳುತನ. ಹರೀರಾದಲ್ಲಿ ಇಡೀ ಬಾದಾಮಿಯು ಹೊಟ್ಟೆಗೆ ಹೋಗುತ್ತದೆ. ಅಂಗಡಿಯ ಡಬ್ಬಿಯ ಪಾನೀಯದಲ್ಲಿಯಾದರೋ ಬಾದಾಮಿಯ ಪ್ರಮಾಣವು ಸಾಮಾನ್ಯವಾಗಿ ನೂರಕ್ಕೆ ಎರಡು ಮೂರು ಭಾಗ ಮಾತ್ರ. ಉಳಿದುದು ನೀರು, ಅನೇಕ ವೇಳೆ ಸಕ್ಕರೆ, ಗಟ್ಟಿಯಾಗಿ ನಿಲ್ಲಲೆಂದು ಬೆರೆಸಿದ ಅಂಟು, ಬಳಿಕ ಹೊರಗಿನಿಂದ ಸೇರಿಸಿದ ಸುಣ್ಣಾಂಶ. ಒಂದು ಲೋಟದಲ್ಲಿ ಇರುವುದು ನಾಲ್ಕೈದು ಬಾದಾಮಿ ಎಂದಂತಾಯಿತು. ನೂರು ಗ್ರಾಂ ಬಾದಾಮಿಯಲ್ಲಿ ಸುಮಾರು 21 ಗ್ರಾಂ ಪ್ರೋಟೀನು, ಅರ್ಧದಷ್ಟು ಒಳ್ಳೆಯ ಕೊಬ್ಬು, ಯಥೇಷ್ಟವಾದ ಇ ಜೀವಸತ್ವ ಇರುವುದೇನೋ ದಿಟ. ಆದರೆ ಆ ಕೀರ್ತಿಯೆಲ್ಲ ಬೀಜದ್ದು, ಬೀಜವನ್ನು ತೊಳೆದ ನೀರಿನದಲ್ಲ. 200 ಮಿಲಿಲೀಟರಿನ ಒಂದು ಲೋಟ ಹಸುವಿನ ಹಾಲಿನಲ್ಲಿ 6 ಗ್ರಾಂಗೂ ಮೀರಿ ಪ್ರೋಟೀನು ದೊರೆತರೆ ಅಷ್ಟೇ ಅಳತೆಯ ಡಬ್ಬಿಯ ಬಾದಾಮಿ ಪಾನೀಯದಲ್ಲಿ ದೊರೆಯುವುದು ಒಂದು ಗ್ರಾಂನ ಆಚೀಚೆ. ಬಾದಾಮಿ ತಿಂದರೆ ಬುದ್ಧಿ ಬರುವುದೆಂಬ ನಂಬಿಕೆಯಿಂದ ತಾಯಿಯೊಬ್ಬಳು ತನ್ನ ಮಗುವಿನ ಹಾಲನ್ನು ನಿಲ್ಲಿಸಿ ಈ ಪಾನೀಯವನ್ನು ಕೊಡತೊಡಗಿದರೆ ಆ ಮಗುವಿಗೆ ಆಗುವುದು ನಷ್ಟವೇ. ಈ ಒಂದು ಕಾರಣಕ್ಕಾಗಿಯಾದರೂ ವಿಷಯವನ್ನು ಜನರ ಮುಂದೆ ವಿಶದವಾಗಿ ಇಡಬೇಕೆಂದು ನನಗೆ ತೋರುತ್ತದೆ.

ಹಾಗಾದರೆ ಹಾಲಿಗೆ ಪರ್ಯಾಯವು ಬೇಕೇಬೇಕಾದವರು ಯಾರು? ಹಾಲಿನಲ್ಲಿರುವ ಸಕ್ಕರೆಗೆ ಲ್ಯಾಕ್ಟೋಸ್ ಎಂದು ಹೆಸರು. ಅದನ್ನು ಒಡೆದು ಜೀರ್ಣಿಸುವ ಲ್ಯಾಕ್ಟೇಸ್ ಎಂಬ ಕಿಣ್ವವು ಎಳೆಗೂಸಿನ ಕರುಳಿನಲ್ಲಿ ಹೇರಳವಾಗಿದ್ದು, ಬಾಲ್ಯ ಕಳೆದಂತೆ ಲೋಕದ ಬಹುಪಾಲು ಜನರಲ್ಲಿ ಕ್ಷೀಣಿಸುತ್ತದೆ. ನಮ್ಮ ದೇಶದಲ್ಲಿಯೂ ಈ ಕ್ಷೀಣತೆ ಅಪರೂಪದ್ದಲ್ಲ, ಉತ್ತರದವರಿಗಿಂತ ದಕ್ಷಿಣದವರಲ್ಲಿ ಹೆಚ್ಚು. "ಹಾಲ ಕುಡದ್ರ ಹೊಟ್ಟಿ ಉಬ್ಬತದ್ರಿ" ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಮಾತಿಗೆ ಇದೇ ಶಾಸ್ತ್ರೀಯವಾದ ಕಾರಣ. ಆದರೆ ಹೀಗೆ ಹೇಳಿದ ಹಿರಿಯರೇ ಮಧ್ಯಾಹ್ನದ ರೊಟ್ಟಿಯೊಡನೆ ಮೊಸರನ್ನೂ ಬಿಸಿಲಿನಲ್ಲಿ ಮಜ್ಜಿಗೆಯನ್ನೂ ನಿರಾತಂಕವಾಗಿ ಸೇವಿಸುತ್ತಿದ್ದರು. ಹೆಪ್ಪಿನ ಸೂಕ್ಷ್ಮಜೀವಿಗಳು ಲ್ಯಾಕ್ಟೋಸಿನ ಒಂದು ಪಾಲನ್ನು ಆಗಲೇ ಆಮ್ಲವನ್ನಾಗಿ ಮಾರ್ಪಡಿಸಿರುವುದರಿಂದ, ಹಾಲು ಒಗ್ಗದ ಅನೇಕರಿಗೆ ಮೊಸರು ಒಗ್ಗುತ್ತದೆ. ಆದಕಾರಣ ಇಂಥವರಿಗೆ ಮೊದಲನೆಯ ಪರ್ಯಾಯವು ಮನೆಯ ನೆಲುವಿನಲ್ಲಿಯೇ ಇದೆ. ಆಡಿನ ಹಾಲು ಹಗುರವೆಂದು ಅದಕ್ಕೆ ತಿರುಗಿಕೊಂಡವರಿಗೆ ಮಾತ್ರ ಪ್ರಯೋಜನ ಕಾಣದು, ಅದರಲ್ಲಿಯೂ ಲ್ಯಾಕ್ಟೋಸು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಇದರಿಂದ ಭಿನ್ನವಾದ ಇನ್ನೊಂದು ತೊಂದರೆಯೂ ಉಂಟು: ಹಾಲಿನ ಪ್ರೋಟೀನಿಗೇ ಶರೀರವು ಪ್ರತಿಭಟಿಸುವ ಅಲರ್ಜಿ. ಅಂಥ ಮಕ್ಕಳಿಗೆ ಮೊಸರೂ ಸಲ್ಲದು. ಅವರನ್ನು ವೈದ್ಯರ ಕಣ್ಣಿನಡಿಯಲ್ಲಿಯೇ ಬೆಳೆಸತಕ್ಕದ್ದು. ಮೂರನೆಯವರು ಪ್ರಾಣಿದಯೆಯಿಂದ ಹಾಲನ್ನು ತ್ಯಜಿಸಿದವರು.

ಈ ಮೂರನೆಯ ವರ್ಗದಲ್ಲಿ ಗಾಂಧೀಜಿಯವರನ್ನು ನೆನೆಯದೆ ಮುಂದೆ ಹೋಗಲಾಗದು. ಕಲ್ಕತ್ತೆಯಂಥ ನಗರಗಳ ಹಾಲಿನವರು ಹಸು ಎಮ್ಮೆಗಳನ್ನು ಹಿಂಸಿಸಿ ಹಾಲು ಕರೆಯುವ ಕ್ರೂರ ಪದ್ಧತಿಯನ್ನು ಓದಿ ತಿಳಿದು, ಇಂದ್ರಿಯನಿಗ್ರಹದ ದೃಷ್ಟಿಯಿಂದಲೂ ವಿಚಾರಮಾಡಿ, ಅವರು 1912ರಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಹಾಲನ್ನು ತೊರೆದರು. ಆರು ವರ್ಷಗಳ ತರುವಾಯ ಕಠಿಣವಾದ ಕಾಯಿಲೆಗೆ ಸಿಕ್ಕಿ ಬಲಗುಂದಿದಾಗ, ವ್ರತವು ಹಸು ಎಮ್ಮೆಗಳ ಹಾಲಿಗಷ್ಟೆ ಅನ್ವಯಿಸುವುದೆಂದು ಕಸ್ತೂರಬಾ ಅವರು ತೋರಿಸಿಕೊಟ್ಟ ದಾರಿಯಂತೆ ಆಡಿನ ಹಾಲಿಗೆ ಒಪ್ಪಿದರು. ಆ ಒಪ್ಪಿಗೆಯಲ್ಲಿ ಸತ್ಯಕ್ಕೆ ಊನ ಬಂದಿತೆಂಬ ವ್ಯಥೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಹಾಲಿನಷ್ಟೇ ಪುಷ್ಟಿಕರವೂ ಸುಲಭವಾಗಿ ಜೀರ್ಣವಾಗುವಂಥದೂ ಆದ ಸಸ್ಯಜನ್ಯ ಪದಾರ್ಥವನ್ನು ಅನುಭವಸ್ಥರು ಯಾರಾದರೂ ತಿಳಿಸಬಾರದೆ ಎಂದು ಅವರು ಆತ್ಮಕಥೆಯಲ್ಲಿ ಓದುಗರನ್ನೇ ಕೇಳಿಕೊಂಡಿದ್ದಾರೆ. ಅದೇ ಗಾಂಧೀಜಿಯವರು 1927ರಲ್ಲಿ ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ವಿಶ್ರಾಂತಿಗಾಗಿ ತಂಗಿದ್ದಾಗ, 1923ರಲ್ಲಿ ಸ್ಥಾಪಿತವಾಗಿದ್ದ ಬೆಂಗಳೂರಿನ ಇಂಪೀರಿಯಲ್ ಡೈರಿ ಸಂಸ್ಥೆಗೆ ಹೋಗಿ ಗೋಪಾಲನೆಯ ವಿಧಾನಗಳನ್ನು ಶಿಷ್ಯಭಾವದಿಂದ ಕಲಿತರು. ತಾವು ಹಸುವಿನ ಹಾಲನ್ನು ಕುಡಿಯದೆ ಇದ್ದರೂ ಹಸುವಿನ ಯೋಗಕ್ಷೇಮವನ್ನು ಮರೆಯದ ಈ ಮನೋಧರ್ಮವು ಇಂದಿನ ವಾದಿಗಳಿಬ್ಬರಿಗೂ ಅನುಕರಣೀಯವಾದುದು.

ಗಾಂಧೀಜಿಯವರ ಪ್ರಶ್ನೆಗೆ ಉತ್ತರ ಹುಡುಕುವವರು ಬಿಜಾಪುರ ಬಾಗಲಕೋಟೆಗಳಿಂದ ಕಲಬುರಗಿ ಬೀದರಗಳವರೆಗೆ ಹಬ್ಬಿದ ಎರೆಭೂಮಿಯ ಅಡುಗೆಯನ್ನು ನೋಡಬೇಕಾಗಿತ್ತು. ಹಿಂಗಾರಿನಲ್ಲಿ ಜೋಳ ಕಡಲೆಗಳ ಹೊಲದೊಳಗೆ ಅಕ್ಕಡಿಯಾಗಿ, ಹೊಲದ ಅಂಚಿಗೆ ಬೇಲಿಯಾಗಿ ರೈತರು ಕುಸುಬಿಯನ್ನು ಬಿತ್ತುವರು. ಎಲೆಯ ಅಂಚಿನಲ್ಲೆಲ್ಲ ಮುಳ್ಳು ಇರುವ ಆ ಗಿಡವನ್ನು ದಾಟಿ ದನಗಳು ಬೆಳೆಯೊಳಕ್ಕೆ ನುಗ್ಗಲಾರವು. ಅದರ ಬೇರು ಆಳಕ್ಕಿಳಿದು ನೆಲದಡಿಯ ಉಳಿಕೆಯ ತೇವವನ್ನು ಹೀರುವುದರಿಂದ, ಮಳೆಗಾಲ ಮುಗಿದ ಮೇಲೆ ಒಂದು ಹನಿ ಬೀಳದಿದ್ದರೂ ಅದು ಹಳದಿ ಕೆಂಪು ಹೂಗಳನ್ನು ತೊಟ್ಟು ಕಾಳಾಗುವುದು. ಅದರ ಎಣ್ಣೆಯ ಗುಣವನ್ನು ಎಲ್ಲರೂ ಬಲ್ಲರು. ಆ ಬಿಳಿಯ ಕಾಳನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಒರಳಿನಲ್ಲಿ ನೀರು ಹನಿಸಿ ರುಬ್ಬಿ, ತೆಳ್ಳನೆಯ ಬಟ್ಟೆಯಲ್ಲಿ ಹಿಂಡಿದರೆ ಬರುವ ಗಟ್ಟಿಯಾದ ಹಾಲಿನ ರುಚಿಯನ್ನು ಮಾತ್ರ ಈ ಸೀಮೆಯ ಹೊರಗಿನವರು ಅರಿಯರು. ಚರಟವನ್ನು ಮತ್ತೊಮ್ಮೆ ರುಬ್ಬಿ ಎರಡನೆಯ ಹಾಲು ತೆಗೆಯುವರು. ಉಳಿದ ಸಿಪ್ಪೆ ಎಮ್ಮೆಯ ಪಾಲು. ಈ ಹಾಲನ್ನು ಸಣ್ಣ ಉರಿಯ ಮೇಲಿಟ್ಟು, ಒಡೆಯದಂತೆ ಕೈಬಿಡದೆ ತಿರುವುತ್ತ ಕಾಯಿಸಿ, ಬೆಲ್ಲ ಏಲಕ್ಕಿಗಳನ್ನು ಬೆರೆಸಿ ಕುಡಿಯುವುದುಂಟು. ಕುಟ್ಟಿ ಬೇಯಿಸಿದ ಗೋಧಿಗೆ ಹಾಕಿ ಕುಸುಬಿಯ ಹುಗ್ಗಿಯನ್ನು ಮಾಡುವುದುಂಟು. ಹಬ್ಬದ ಊಟವೆಂದು ಇದನ್ನು ಉಣ್ಣುತ್ತಿದ್ದವರಿಗೆ ತಾವು ಹಸುವಿನ ಹಾಲಿಗೆ ಪ್ರತಿಯಾದುದೊಂದನ್ನು ಸೇವಿಸುತ್ತಿದ್ದೇವೆಂಬ ಕಲ್ಪನೆಯೇ ಇರಲಿಲ್ಲ; ಅದು ಕುಸುಬಿಯ ಹಾಲು, ಅದರ ಘನತೆ ಅದಕ್ಕೆ. ಒಂದು ಕಾಲಕ್ಕೆ ಇಡೀ ದೇಶದ ಕುಸುಬಿಯಲ್ಲಿ ಬಹುಪಾಲನ್ನು ಕರ್ನಾಟಕವೂ ಮಹಾರಾಷ್ಟ್ರವೂ ಬೆಳೆಯುತ್ತಿದ್ದುವು. ಮುಳ್ಳಿನ ಗಿಡವನ್ನು ಕೊಯ್ಯಲು ಆಳು ಸಿಗದಾಗಿ, ಅಗ್ಗದ ತಾಳೆಯೆಣ್ಣೆ ಹಡಗಿನಲ್ಲಿ ಬಂದಿಳಿದು, ಆ ಬೆಳೆಯು ವರ್ಷವರ್ಷಕ್ಕೆ ಹಿಂಜರಿಯುತ್ತ ಬಂದಿದೆ. ಅದರೊಡನೆ ಆ ಹಾಲನ್ನು ಹಿಂಡಬಲ್ಲ ಕೈಗಳೂ ಕಡಿಮೆಯಾಗುತ್ತಿವೆ. ನನ್ನ ಎಣಿಕೆಯಲ್ಲಿ ಇದು ಸಣ್ಣ ನಷ್ಟವಲ್ಲ.

ಬಡವರ ಬಾದಾಮಿಯೆನಿಸಿದ ಶೇಂಗಾದಿಂದಲೂ ಹಾಲನ್ನು ತೆಗೆಯಬಹುದು. ನಮ್ಮ ರಾಜ್ಯದ ವಿಜ್ಞಾನಿಗಳೇ ಇದರಲ್ಲಿ ದೊಡ್ಡ ಸಾಧನೆಯನ್ನು ಮಾಡಿದ್ದಾರೆ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯವು, ದೇಶದಲ್ಲಿ ಹಾಲಿನ ಅಭಾವ ಕಠೋರವಾಗಿದ್ದ ದಿನಗಳಲ್ಲಿ, ಶೇಂಗಾದ ಪ್ರೋಟೀನನ್ನು ಬೇರ್ಪಡಿಸಿ ಎಮ್ಮೆಯ ಹಾಲಿನೊಡನೆ ಬೆರೆಸಿ ಮಿಲ್ಟೋನ್ ಎಂಬ ಪೇಯವನ್ನು ರೂಪಿಸಿತು. ಬೆಂಗಳೂರಿನ ಡೈರಿಯಲ್ಲಿ ಅದನ್ನು ತಯಾರಿಸಿ ಮಕ್ಕಳಿಗೆ ಹಂಚಿದುದೂ ಉಂಟು. 1970ರಲ್ಲಿ ಮೊದಲಾದ ಕ್ಷೀರಕ್ರಾಂತಿಯಿಂದ ಹಾಲಿನ ಹೊಳೆಯೇ ಹರಿದ ಮೇಲೆ ಜನರು ಮಿಲ್ಟೋನನ್ನು ಮರೆತರು. ಅತ್ತ ಹಾಂಕಾಂಗಿನಲ್ಲಿ, ನಿರಾಶ್ರಿತರ ಅಪೌಷ್ಟಿಕತೆಯನ್ನು ಕಂಡು ಮನಕರಗಿದ ವರ್ತಕರೊಬ್ಬರು 1940ರಲ್ಲಿ ಆರಂಭಿಸಿದ ವೀಟಾಸೋಯ್ ಎಂಬ ಸೋಯಾಹಾಲಿನ ಉದ್ಯಮವು ಇಂದಿಗೂ ನಡೆಯುತ್ತಿದೆ. ಓಟ್ಸ್ ಹಾಲಾದರೋ 1990ರ ದಶಕದಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಹಾಲು ಒಗ್ಗದವರಿಗಾಗಿ ಹುಟ್ಟಿದುದು. ನಮಗೆ ಅದು ದೂರದ ವಸ್ತು.

ಸೋಯಾ ನಮಗೆ ದೂರದ್ದಲ್ಲ. ಮುಂಗಾರಿನಲ್ಲಿ ಔರಾದಿನಿಂದ ಭಾಲ್ಕಿಗೆ ಹೊರಟವರು ರಸ್ತೆಯ ಎರಡು ಮಗ್ಗುಲಲ್ಲಿಯೂ ಕಾಣುವ ಹಸುರೆಲ್ಲ ಬಹುಮಟ್ಟಿಗೆ ಸೋಯಾ ಅವರೆಯದೇ. ಕಳೆದ ಕೆಲವು ದಶಕಗಳಲ್ಲಿ ಈ ಬೆಳೆಯು ಮುಂಗಾರಿ ಜೋಳವನ್ನೂ ಹೆಸರು ಉದ್ದುಗಳ ಒಂದು ಪಾಲನ್ನೂ ತಳ್ಳಿ ಬೀದರ ಜಿಲ್ಲೆಯ ಪ್ರಧಾನ ಬೆಳೆಯಾಗಿದೆ. ರಾಜ್ಯದಲ್ಲಿ ಸೋಯಾ ಹೆಚ್ಚು ಬೆಳೆಯುವ ಜಿಲ್ಲೆಗಳಲ್ಲಿ ಇದು ಮುಂಚೂಣಿಯದು. ಅದರ ಕಾಳಿನಲ್ಲಿ ನೂರಕ್ಕೆ ಸುಮಾರು 40 ಭಾಗ ಪ್ರೋಟೀನು, 20 ಭಾಗ ಎಣ್ಣೆ. ಅದರಿಂದ ತೆಗೆದ ಹಾಲು ಪ್ರೋಟೀನಿನಲ್ಲಿ ಹಸುವಿನ ಹಾಲಿಗೆ ಹೆಗಲೆಣೆಯಾಗಿ ನಿಲ್ಲುತ್ತದೆ. ಸಸ್ಯಜನ್ಯ ಹಾಲುಗಳಲ್ಲಿ ಈ ಮಾತನ್ನು ಧೈರ್ಯವಾಗಿ ಹೇಳಬಹುದಾದುದು ಮುಖ್ಯವಾಗಿ ಇದನ್ನು ಕುರಿತೇ. ಒಂದು ಕಿಲೋ ಕಾಳಿನಿಂದ ಏಳೆಂಟು ಲೀಟರು ಹಾಲು ಬರುವುದು. ಆದರೂ ನಮ್ಮ ರೈತನು ಮೂಟೆ ಕಟ್ಟಿ ಗಂಜ್ ಎಂಬ ಮಾರುಕಟ್ಟೆಗೆ ಒಯ್ದ ಸೋಯಾ ಎಣ್ಣೆಯ ಗಿರಣಿಗೆ ಹೋಗಿ, ಹಿಂಡಿಯು ಕೋಳಿಯ ಆಹಾರವಾಗಿ ದೂರ ದೇಶಗಳನ್ನು ಸೇರುತ್ತದೆ. ಬೆಳೆದವನ ಮನೆಯ ಮಗುವಿನ ಬಾಯಿಗೆ ಅದರ ಒಂದು ಗುಟುಕೂ ಬೀಳುವುದಿಲ್ಲ.

ಕಾರಣ ಅದರ ಹಸಿಯ ವಾಸನೆ. ಕಾಳನ್ನು ತಣ್ಣೀರಿನಲ್ಲಿ ಅರೆದೊಡನೆ ಅದರೊಳಗಿನ ಒಂದು ಕಿಣ್ವವು ಎಣ್ಣೆಯನ್ನು ತಾಕಿ ಆ ವಾಸನೆಯನ್ನು ಹುಟ್ಟಿಸುತ್ತದೆ. ಪರಿಹಾರ ಕಷ್ಟವಾದುದಲ್ಲ: ಆರಿಸಿದ ಕಾಳನ್ನು ಎಂಟು ತಾಸು ನೆನೆಸಿ, ಉಜ್ಜಿ ಸಿಪ್ಪೆ ತೆಗೆದು, ಕುದಿಯುತ್ತಿರುವ ನೀರನ್ನು ಹಾಕಿಯೇ ರುಬ್ಬಬೇಕು, ಬಿಸಿಗೆ ಆ ಕಿಣ್ವವು ನಿಷ್ಕ್ರಿಯವಾಗುವುದು. ಬಟ್ಟೆಯಲ್ಲಿ ಸೋಸಿದ ಹಾಲನ್ನು ಮತ್ತೆ ಹದಿನೈದು ಇಪ್ಪತ್ತು ನಿಮಿಷ ಚೆನ್ನಾಗಿ ಕುದಿಸತಕ್ಕದ್ದು, ಏಕೆಂದರೆ ಹಸಿ ಸೋಯಾದಲ್ಲಿ ಪ್ರೋಟೀನಿನ ಜೀರ್ಣವನ್ನು ತಡೆಯುವ ಅಂಶವೊಂದಿದ್ದು ಅದು ಕುದಿತದಿಂದಲೇ ನಾಶವಾಗುತ್ತದೆ. ಬೆಲ್ಲವೂ ಏಲಕ್ಕಿಯೂ ಬಿದ್ದರೆ ರುಚಿ ಹಿತವಾಗುವುದು. ಉಳಿದ ಚರಟವನ್ನು ರೊಟ್ಟಿಯ ಹಿಟ್ಟಿಗೆ ಕಲಸಬಹುದು. ಭೋಪಾಲದ ಕೇಂದ್ರೀಯ ಕೃಷಿ ಇಂಜಿನಿಯರಿಂಗ್ ಸಂಸ್ಥೆಯು ಇದಕ್ಕೆ ಬೇಕಾದ ಸಣ್ಣ ಯಂತ್ರಗಳನ್ನು ರೂಪಿಸಿ ತರಬೇತಿಯನ್ನೂ ಕೊಡುತ್ತ ಬಂದಿದೆ.

ಇಲ್ಲಿ ಎಚ್ಚರಿಕೆಯ ಕೆಲವು ಮಾತುಗಳನ್ನು ಬಿಡಲಾಗದು. ಒಂದು ವರ್ಷದೊಳಗಿನ ಕೂಸಿಗೆ ಬಾದಾಮಿ, ಸೋಯಾ, ಕುಸುಬಿ ಯಾವುದರ ಹಾಲೂ ತಾಯಿಯ ಹಾಲಿಗೆ ಬದಲಾಗದು. ಇಂಥ ಬೀಜದ ಹಾಲನ್ನೇ ನಂಬಿ ಬೆಳೆಸಿದರೆ ಕೂಸು ಸೊರಗುವುದು. ಮನೆಯಲ್ಲಿ ತೆಗೆದ ಸೋಯಾಹಾಲಿನಲ್ಲಿ ಸುಣ್ಣಾಂಶವು ಹಸುವಿನ ಹಾಲಿಗಿಂತ ಬಹಳ ಕಡಿಮೆ. ಇನ್ನು ಬಿ 12 ಎಂಬ ಜೀವಸತ್ವವು ಯಾವ ಸಸ್ಯದಲ್ಲಿಯೂ ಇಲ್ಲ. ಮಾಂಸ ಮೊಟ್ಟೆಗಳನ್ನು ಮುಟ್ಟದ ನಮ್ಮ ಸಾವಿರಾರು ಶಾಕಾಹಾರಿ ಮನೆಗಳಿಗೆ ಅದು ದೊರೆಯುವುದು ಹಾಲು ಮೊಸರುಗಳಿಂದ ಮಾತ್ರವೇ ಆದಕಾರಣ, ಅವನ್ನು ಸಂಪೂರ್ಣವಾಗಿ ಬಿಡುವ ಶಾಕಾಹಾರಿಯು ವೈದ್ಯರನ್ನು ಕೇಳಿ ಮಾತ್ರೆಯ ರೂಪದಲ್ಲಾದರೂ ಅದನ್ನು ಪಡೆಯಬೇಕು. ಥೈರಾಯ್ಡಿನ ಮಾತ್ರೆ ನುಂಗುವವರು ಅದರೊಡನೆಯೇ ಸೋಯಾವನ್ನು ಸೇವಿಸಕೂಡದು. ಡಬ್ಬಿಯ ಮೇಲಿನ ಬರಹವನ್ನೂ ಓದಬೇಕು: ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಸಸ್ಯಜನ್ಯ ಪೇಯಗಳನ್ನು ಹಾಲೆಂಬ ಹೆಸರಿನಿಂದ ಮಾರುವಂತಿಲ್ಲ, ತೆಂಗಿನ ಹಾಲಿನಂಥ ರೂಢಿಯ ಹೆಸರುಗಳಿಗೆ ಮಾತ್ರ ವಿನಾಯಿತಿ, 2021ರಲ್ಲಿ ಪ್ರಾಧಿಕಾರವು ಇದನ್ನು ಕಟ್ಟುನಿಟ್ಟಾಗಿ ಜಾರಿಗೆ ತರಹೊರಟಿತು. ಹೆಸರಿಗಿಂತಲೂ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಮುದ್ರಿಸಿರುವ ಪ್ರಮಾಣಗಳೇ ಕೊಳ್ಳುವವನಿಗೆ ಮುಖ್ಯ.

ದೇವಣಿಯ ಮಾತನ್ನು ಹೇಳದಿದ್ದರೆ ಈ ವಿಚಾರ ಅಪೂರ್ಣವಾದೀತು. ಜೋಲುಗಿವಿಯ, ಕಪ್ಪು ಬಿಳಿ ಬಣ್ಣದ ಈ ಗಂಭೀರ ಪಶುವಿಗೆ ನೆರೆಯ ಲಾತೂರ ಜಿಲ್ಲೆಯ ದೇವಣಿಯಿಂದ ಹೆಸರು ಬಂದಿದ್ದರೂ ಭಾಲ್ಕಿ, ಔರಾದ, ಬಸವಕಲ್ಯಾಣಗಳು ಅದರ ಸ್ವಂತ ಸೀಮೆಯೇ. ಒಂದು ಸೂಲಿನಲ್ಲಿ ಸರಾಸರಿ ಎಂಟು ಒಂಬತ್ತು ನೂರು ಕಿಲೋ ಹಾಲು ಕೊಡುವ ಅದರ ಹಸುವೂ, ಎರೆಹೊಲವನ್ನು ಉಳಬಲ್ಲ ಅದರ ಎತ್ತೂ ಸಮಾನವಾಗಿ ಮಾನ್ಯವಾಗಿದ್ದುವು. ಬೀದರದಲ್ಲಿ ನೆಲೆಸಿರುವ ಪಶು ವೈದ್ಯಕೀಯ ವಿಶ್ವವಿದ್ಯಾಲಯವು ಹಳ್ಳಿಖೇಡದ ತನ್ನ ಕೇಂದ್ರದಲ್ಲಿ ಈ ತಳಿಯನ್ನು ಕಾಪಾಡುತ್ತಿದೆ. ಆ ತಳಿಗೆ ಕುತ್ತು ಬಂದುದು ಬಾದಾಮಿಯ ಪಾನೀಯದಿಂದಲ್ಲ. ಟ್ರ್ಯಾಕ್ಟರಿನಿಂದ, ಮಿಶ್ರತಳಿಗಳ ಮೋಹದಿಂದ, ಎಲ್ಲಕ್ಕಿಂತ ಮಿಗಿಲಾಗಿ ಮೇವಿನ ಕೊರತೆಯಿಂದ. ಜೋಳವು ಮನುಷ್ಯನಿಗೆ ಕಾಳನ್ನೂ ದನಕ್ಕೆ ಕಣಿಕೆಯನ್ನೂ ಕೊಡುತ್ತಿತ್ತು; ಅದರ ಸ್ಥಾನಕ್ಕೆ ಬಂದ ಸೋಯಾದ ಹೊಟ್ಟಿನಲ್ಲಿ ಆ ರುಚಿಯೂ ಇಲ್ಲ, ಆ ಸಮೃದ್ಧಿಯೂ ಇಲ್ಲ. ಹೀಗೆ ದನದ ಮೇವಿನ ನೆಲವನ್ನು ಆಕ್ರಮಿಸಿದ ಬೆಳೆಯೇ ದನದ ಹಾಲಿಗೆ ಸರಿದೂಗುವ ಹಾಲನ್ನು ತನ್ನ ಒಡಲಿನಲ್ಲಿ ಇಟ್ಟುಕೊಂಡಿರುವಾಗ, ಆ ಹಾಲನ್ನೂ ಹಿಂಡಿಕೊಳ್ಳದೆ, ಕಣಿಕೆಯನ್ನೂ ಬೆಳೆಯದೆ ಇರುವುದು ನಾವು ಎರಡು ಕಡೆಯಿಂದಲೂ ಕಳೆದುಕೊಳ್ಳುವ ವ್ಯವಹಾರವಾಗಿದೆ.

2013ರ ಆಗಸ್ಟಿನಿಂದ ರಾಜ್ಯದ ಕ್ಷೀರಭಾಗ್ಯ ಯೋಜನೆಯ ಮೂಲಕ ಶಾಲೆಯ ಮಕ್ಕಳಿಗೆ ಹಾಲು ದೊರೆಯುತ್ತಿರುವುದು ಉಚಿತವಾದ ಏರ್ಪಾಡು. ಅದು ಹಾಗೆಯೇ ನಡೆಯಲಿ. ಅದರ ಜೊತೆಗೆ ಔರಾದ, ಭಾಲ್ಕಿ ತಾಲ್ಲೂಕುಗಳ ಸ್ತ್ರೀಶಕ್ತಿ ಸಂಘಗಳು ಒಂದೊಂದು ಹೋಬಳಿಯಲ್ಲಿಯಾದರೂ ಸೋಯಾಹಾಲಿನ ಸಣ್ಣ ಘಟಕವನ್ನು ಆರಂಭಿಸಲಿ. ಬೀದರದ ಕೃಷಿ ವಿಜ್ಞಾನ ಕೇಂದ್ರವೂ ಪಶು ವಿಶ್ವವಿದ್ಯಾಲಯವೂ ಕೂಡಿಕೊಂಡು, ಶುಚಿಯಾಗಿ ಕಾಯಿಸುವ, ಸುಣ್ಣಾಂಶ ಬೆರೆಸುವ, ಕೆಡದಂತೆ ಇಡುವ ಕ್ರಮಗಳನ್ನು ಅವರಿಗೆ ಕಲಿಸಲಿ. ಐದೆಕರೆ ಸೋಯಾ ಬಿತ್ತುವ ರೈತನು ಒಂದೆಕರೆಯನ್ನು ಜೋಳಕ್ಕೆ ಮೀಸಲಿಡಲಿ. ಬಾದಾಮಿಯನ್ನು ಕೊಳ್ಳುವ ಶಕ್ತಿಯಿದ್ದವರು ಅದನ್ನು ಡಬ್ಬಿಯಲ್ಲಿ ಕುಡಿಯದೆ ರಾತ್ರಿ ನೆನೆಸಿ ಬೆಳಗ್ಗೆ ಅಗಿದು ತಿನ್ನಲಿ.